ಪಾಪದ ಹೊರೆ ಯಾರ ಕೊರಳಿಗೆ?

ಯುದ್ಧದಲ್ಲಿ ಒಬ್ಬನು ಇನ್ನೊಬ್ಬನನ್ನು ಕೊಲ್ಲುತ್ತಾನೆ. ಕೊಂದವನಿಗೂ ಸತ್ತವನಿಗೂ ಪೂರ್ವದಲ್ಲಿ ಯಾವ ವೈರವೂ ಇರುವುದಿಲ್ಲ. ಒಬ್ಬರ ಮುಖವನ್ನೊಬ್ಬರು ಕಂಡವರೂ ಅಲ್ಲ. ಈಟಿಯನ್ನು ಹಿಡಿದ ಕೈ ಸೈನಿಕನದು. ಹಿಡಿಯೆಂದು ಹೇಳಿದ ಬಾಯಿ ಅರಸನದು. ಅರಸನಿಗೆ ಅಪ್ಪಣೆಯಿತ್ತದ್ದು ತನ್ನ ದೇವರೆಂಬುದು ಆ ಅರಸನ ಹೇಳಿಕೆ. ಹೀಗಿರಲು ಆ ಕೊಲೆಯಿಂದ ಹುಟ್ಟಿದ ಪಾಪವು ಈ ಮೂವರಲ್ಲಿ ಯಾರನ್ನು ಹೋಗಿ ಸೇರತಕ್ಕದ್ದು? ಮೂವರೂ ಹಂಚಿಕೊಳ್ಳುವರೆಂದರೆ ಅದು ಹಂಚಿದಷ್ಟೂ ಕಡಮೆಯಾಗುವ ವಸ್ತುವೆ? ಅಥವಾ ದೀಪದಿಂದ ದೀಪ ಹೊತ್ತಿದಂತೆ ಪ್ರತಿಯೊಬ್ಬನಲ್ಲಿಯೂ ಪೂರ್ಣವಾಗಿಯೇ ಇರುವುದೆ?

ಈ ಪ್ರಶ್ನೆ ಕೇವಲ ಶಾಸ್ತ್ರಜ್ಞರ ಕಾಲಹರಣಕ್ಕಾಗಿ ಹುಟ್ಟಿದುದಲ್ಲ. ಮಾನವನು ಬರೆಯಲು ಕಲಿತು ಬಹುಕಾಲ ಕಳೆಯುವ ಮೊದಲೇ ಇದನ್ನು ಬರೆದಿಟ್ಟನು. ಈಗಿನ ಇರಾಕ್ ದೇಶದ ದಕ್ಷಿಣ ಭಾಗದಲ್ಲಿ, ಟೈಗ್ರಿಸ್ ಮತ್ತು ಯೂಫ್ರೆಟೀಸ್ ನದಿಗಳ ನಡುವೆ, ಸುಮೇರರ ನಾಡಿತ್ತು. ಜೇಡಿಮಣ್ಣಿನ ಹಸಿ ಹಲಗೆಯ ಮೇಲೆ ಜೊಂಡಿನ ಕಡ್ಡಿಯಿಂದ ಮೊಳೆಯಾಕಾರದ ಅಕ್ಷರಗಳನ್ನು ಒತ್ತಿ ಬರೆಯುವುದು ಅವರ ಪದ್ಧತಿ. ಹಾಗೆ ಬರೆದ ಶಾಸನಗಳಲ್ಲಿ ಎರಡು ಪುರಗಳ ಜಗಳದ ಕಥೆ ಸುಮಾರು ಇನ್ನೂರು ವರ್ಷಗಳ ಅವಧಿಗೆ ಉಳಿದುಬಂದಿದೆ. ಒಂದೇ ಗಡಿಗಾಗಿ ನಡೆದ ಹೋರಾಟದ ಇಷ್ಟು ದೀರ್ಘವಾದ ಬರವಣಿಗೆ ಅಷ್ಟು ಪ್ರಾಚೀನವಾದ ಬೇರೆ ಯಾವ ನಾಡಿನಿಂದಲೂ ದೊರೆತಿಲ್ಲ. ಆ ಕಥೆಯ ಕೊನೆಯ ವಾಕ್ಯವೇ ಪಾಪದ ಹೊರೆಯನ್ನು ಕುರಿತದ್ದು. ಆದುದರಿಂದ ಮೇಲಿನ ಪ್ರಶ್ನೆಯನ್ನು ವಿಚಾರಿಸಲು ಅದಕ್ಕಿಂತ ಉಚಿತವಾದ ದೃಷ್ಟಾಂತ ಬೇಕಿಲ್ಲ.

ಲಗಶ್ ಮತ್ತು ಉಮ್ಮಾ ಎಂಬುವು ಆ ಎರಡು ರಾಜ್ಯಗಳು. ಲಗಶ್ ರಾಜ್ಯದ ಪುಣ್ಯಸ್ಥಳವಾದ ಗಿರ್ಸು ನಗರಕ್ಕೂ ಉಮ್ಮಾ ನಗರಕ್ಕೂ ನಡುವಣ ಅಂತರ ಸುಮಾರು 30 ಕಿಲೋಮೀಟರು ಮಾತ್ರ. ಬೆಳಗ್ಗೆ ಹೊರಟವನು ಸಂಜೆಗೆ ಸೇರಬಹುದಾದಷ್ಟು ದೂರ. ಎರಡೂ ಕಡೆಯವರು ಆಡುತ್ತಿದ್ದ ಭಾಷೆ ಒಂದೇ, ಬೆಳೆಯುತ್ತಿದ್ದ ಜವೆಗೋಧಿ ಒಂದೇ, ಎಲ್ಲ ದೇವತೆಗಳಿಗೂ ತಂದೆಯೆಂದು ಇಬ್ಬರೂ ನಂಬಿದ್ದ ಎನ್‌ಲಿಲ್ ದೇವನೂ ಒಬ್ಬನೇ. ಆದರೆ ಪುರದೇವತೆಗಳು ಬೇರೆ. ಲಗಶ್‌ನವರಿಗೆ ನಿನ್‌ಗಿರ್ಸು, ಉಮ್ಮಾದವರಿಗೆ ಶರಾ. ಇವರಿಬ್ಬರ ಎಲ್ಲೆಯಲ್ಲಿ ಗು-ಎದಿನ ಎಂಬ ಫಲವತ್ತಾದ ಬಯಲು. 'ಬಯಲಿನ ಅಂಚು' ಎಂದು ಆ ಹೆಸರಿನ ಅರ್ಥ. ಕಾಲುವೆಯ ನೀರು ಅದಕ್ಕೆ ಜೀವ. ಲಗಶ್‌ನವರು ಅದನ್ನು ತಮ್ಮದೆಂದು ಹೇಳಲಿಲ್ಲ, ನಿನ್‌ಗಿರ್ಸುವಿನ ಪ್ರಿಯವಾದ ಹೊಲವೆಂದರು. ಇಲ್ಲಿಂದಲೇ ತೊಡಕು ಆರಂಭವಾಯಿತು. ಹೊಲವು ಮನುಷ್ಯನದಾಗಿದ್ದರೆ ನಾಲ್ವರು ಹಿರಿಯರು ಕುಳಿತು ಅರ್ಧ ಬಿಟ್ಟುಕೊಡು ಎಂದು ಹೇಳಬಹುದು. ದೇವರ ಹೊಲವನ್ನು ಬಿಟ್ಟುಕೊಡುವ ಅಧಿಕಾರ ಯಾರಿಗಿದೆ?

ಆದರೂ ಮೊದಲು ಹಿರಿಯನೊಬ್ಬನು ಮಧ್ಯಸ್ಥಿಕೆ ಮಾಡಿಯೇ ಇದ್ದನು. ಕೀಶ್ ನಗರದ ಅರಸನಾದ ಮೆಸಲಿಮ್ ಎಂಬವನು ಕ್ರಿ.ಪೂ. 2550ರ ಸುಮಾರಿಗೆ ಹಗ್ಗ ಹಿಡಿದು ಗಡಿಯನ್ನಳೆಯಿಸಿ ಒಂದು ಕಲ್ಲನ್ನು ನಿಲ್ಲಿಸಿದನೆಂದೂ, ಆ ಗಡಿಯನ್ನು ಗೊತ್ತುಮಾಡಿದವನು ಸಾಕ್ಷಾತ್ ಎನ್‌ಲಿಲ್ ದೇವನೇ ಎಂದೂ ಲಗಶ್‌ನ ಶಾಸನ ಹೇಳುತ್ತದೆ. ಉಮ್ಮಾದ ಒಡೆಯನೊಬ್ಬನು ಆ ಕಲ್ಲನ್ನು ಕಿತ್ತು ಬಯಲಿಗೆ ನುಗ್ಗಿದನಂತೆ. ಉಮ್ಮಾದವರ ಕಡೆಯ ಮಾತು ಬಹುಮಟ್ಟಿಗೆ ಉಳಿದಿಲ್ಲವಾದುದರಿಂದ ಇದು ಒಂದು ಪಕ್ಷದ ಫಿರ್ಯಾದಿಯೆಂಬುದನ್ನು ವಾಚಕರು ಮರೆಯತಕ್ಕದ್ದಲ್ಲ. ಪ್ರತಿವಾದಿಯ ಜವಾಬು ಮಣ್ಣಿನೊಳಗೆ ಕರಗಿಹೋಗಿದೆ.

ಆ ಮೇಲಿನದು ಎಯನ್ನತುಮನ ಕಾಲ, ಕ್ರಿ.ಪೂ. 2450ರ ಸುಮಾರು. ಈ ಲಗಶ್‌ನ ಅರಸನು ಉಮ್ಮಾವನ್ನು ಗೆದ್ದು ನಿಲ್ಲಿಸಿದ ಸುಣ್ಣಕಲ್ಲಿನ ಶಾಸನಫಲಕದ ತುಣುಕುಗಳು ಗಿರ್ಸುವಿನ ದಿಬ್ಬಗಳಲ್ಲಿ 1880ರ ದಶಕದಲ್ಲಿ ದೊರೆತವು. ಬಸ್ರಾದಲ್ಲಿ ಫ್ರೆಂಚ್ ಸರ್ಕಾರದ ಪ್ರತಿನಿಧಿಯಾಗಿದ್ದ ಸಾರ್ಜೆಕ್ ಎಂಬವನು 1877ರಲ್ಲಿ ಅಲ್ಲಿ ಅಗೆತವನ್ನು ಪ್ರಾರಂಭಿಸಿದ್ದನು. ಕೂಡಿಸಿದ ಆ ಫಲಕವು ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಪೂರ್ಣವಾಗಿದ್ದಾಗ ಅದರ ಎತ್ತರ ಸುಮಾರು 1.8 ಮೀಟರು. ಮೇಲ್ಭಾಗದಲ್ಲಿ ರಣಹದ್ದುಗಳು ಸತ್ತವರ ರುಂಡಗಳನ್ನು ಕಚ್ಚಿಕೊಂಡು ಹಾರುತ್ತಿರುವುದರಿಂದ ಅದಕ್ಕೆ ರಣಹದ್ದುಗಳ ಫಲಕವೆಂದೇ ಹೆಸರಾಗಿದೆ.

ಈ ಕಲ್ಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ಮೇಲೆ ಕೇಳಿದ ಪ್ರಶ್ನೆಗೆ ಅದು ತನ್ನ ಎರಡು ಮುಖಗಳಲ್ಲಿ ಎರಡು ಉತ್ತರಗಳನ್ನು ಕೊಡುತ್ತದೆ. ಒಂದು ಮುಖದಲ್ಲಿ ಒಂದು ಬೃಹದಾಕಾರದ ಪುರುಷಮೂರ್ತಿ. ಅದು ನಿನ್‌ಗಿರ್ಸುವೆಂದೇ ಹೆಚ್ಚಿನ ವಿದ್ವಾಂಸರ ಮತ. ಅವನ ಒಂದು ಕೈಯಲ್ಲಿ ಗದೆ. ಮತ್ತೊಂದರಲ್ಲಿ ಸಿಂಹಮುಖದ ಹದ್ದಿನ ಲಾಂಛನ, ಅದರ ಕೆಳಗೆ ಬಲೆ. ಬಲೆಯೊಳಗೆ ಬೆತ್ತಲೆಯಾದ ವೈರಿಗಳು ಮೀನುಗಳಂತೆ ತುರುಕಿಕೊಂಡು ಬಿದ್ದಿದ್ದಾರೆ. ಒಬ್ಬನ ತಲೆ ಬಲೆಯ ಕಣ್ಣಿನಿಂದ ಹೊರಕ್ಕೆ ಬಂದಿದೆ. ದೇವರ ಗದೆ ಆ ತಲೆಯನ್ನು ಮುಟ್ಟಿದೆ. ಈ ಮುಖದಲ್ಲಿ ಅರಸನಿಗಾಗಲಿ ಸೈನಿಕನಿಗಾಗಲಿ ಏನೂ ಕೆಲಸವಿಲ್ಲ. ಕೊಂದವನು ದೇವರು.

ಇನ್ನೊಂದು ಮುಖಕ್ಕೆ ಬಂದರೆ ದೇವರು ಎಲ್ಲಿಯೂ ಇಲ್ಲ. ಎಯನ್ನತುಮನು ಮುಂದೆ ನಡೆಯುತ್ತಿದ್ದಾನೆ. ಅವನ ಹಿಂದೆ ಶಿರಸ್ತ್ರಾಣ ಧರಿಸಿದ ಕಾಲಾಳುಗಳು ಸಾಲುಗಟ್ಟಿ ನಿಂತು, ಎದೆಯಿಂದ ಕಾಲಿನವರೆಗೆ ಮರೆಮಾಡುವ ಅಗಲವಾದ ಗುರಾಣಿಗಳನ್ನು ಒಂದಕ್ಕೊಂದು ಸೇರಿಸಿ ಗೋಡೆಯಂತೆ ಹಿಡಿದು, ಗುರಾಣಿಗಳ ಸಂದುಗಳಿಂದ ಈಟಿಗಳನ್ನು ಮುಂದಕ್ಕೆ ಚಾಚಿದ್ದಾರೆ. ಅವರ ಕಾಲಡಿಯಲ್ಲಿ ಬಿದ್ದಿರುವವರು ಉಮ್ಮಾದ ಮನುಷ್ಯರು. ಶಿಸ್ತಿನಿಂದ ಸಾಲುಗೂಡಿ ಹೋರಾಡುವ ಸೈನ್ಯದ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದು ಒಂದು. ಕೆಳಗಿನ ಸಾಲಿನಲ್ಲಿ ಅರಸನು ಗಾಡಿಯೇರಿ ಈಟಿಯೆತ್ತಿದ್ದಾನೆ. ಅದಕ್ಕೂ ಕೆಳಗೆ ಹೆಣಗಳ ರಾಶಿ, ಅದರ ಮೇಲೆ ಹತ್ತಿ ಬುಟ್ಟಿಗಳಲ್ಲಿ ಮಣ್ಣು ಸುರಿಯುತ್ತಿರುವ ಜನರು, ಪಕ್ಕದಲ್ಲಿ ಬಲಿಗಾಗಿ ಕಟ್ಟಿದ ಹೋರಿ. ಹೂಳುತ್ತಿರುವುದು ಲಗಶ್‌ನ ಸ್ವಂತ ಸೈನಿಕರನ್ನೇ ಎಂದು ಹಲವರು ಊಹಿಸುತ್ತಾರೆ.

ಕಲ್ಲಿನ ಮೇಲಿನ ಬರಹದಲ್ಲಿ ಎಯನ್ನತುಮನು ತಾನು ನಿನ್‌ಗಿರ್ಸುವಿನ ವೀರ್ಯದಿಂದ ಹುಟ್ಟಿದವನೆಂದೂ, ದೇವಿಯ ಮೊಲೆಹಾಲುಂಡು ಐದು ಮೊಳಕ್ಕೂ ಮೇಲೆ ಒಂದು ಗೇಣು ಬೆಳೆದವನೆಂದೂ, ಮಲಗಿದ್ದಾಗ ದೇವರು ತಲೆದೆಸೆಯಲ್ಲಿ ನಿಂತು ವಿಜಯವನ್ನು ವಾಗ್ದಾನ ಮಾಡಿದನೆಂದೂ ಹೇಳಿಕೊಂಡಿದ್ದಾನೆ. ಶವಗಳ ಸಂಖ್ಯೆಯನ್ನು 3600 ಎಂದು ಹೇಳಿ ಅವು ಆಕಾಶದ ಬುಡವನ್ನು ಮುಟ್ಟಿದುವೆಂದು ವರ್ಣಿಸಿದ್ದಾನೆ. ಸುಮೇರ್ ಭಾಷೆಯಲ್ಲಿ 3600 ಎಂಬ ಎಣಿಕೆ ಲೆಕ್ಕವಿಲ್ಲದಷ್ಟು ಎಂಬ ಅರ್ಥಕ್ಕೂ ಸಲ್ಲುತ್ತದೆ. ಇಷ್ಟೆಲ್ಲ ಆಡಂಬರದ ನಡುವೆ ಒಂದು ಸಣ್ಣ ಸಂಗತಿ ನುಸುಳಿದೆ. ಯಾರೋ ಒಬ್ಬನು ಎಯನ್ನತುಮನ ಮೇಲೆ ಬಾಣವನ್ನೆಸೆದನು. ಬಾಣ ಮೈಯಲ್ಲಿ ನೆಟ್ಟಿತು. ಅರಸನು ಅದನ್ನು ಮುರಿದು ಹಾಕಿದನು. ದೇವಪುತ್ರನ ಮೈಯಿಂದಲೂ ನೆತ್ತರು ಬಂದಿತು. ಎಸೆದವನ ಹೆಸರನ್ನು ಶಾಸನವು ಹೇಳುವುದಿಲ್ಲ. ಲಗಶ್‌ನ ಗುರಾಣಿಗೋಡೆಯಲ್ಲಿ ನಿಂತ ಒಬ್ಬನ ಹೆಸರನ್ನೂ ಹೇಳುವುದಿಲ್ಲ.

ಹಾಗಾದರೆ ಆ ಗೋಡೆಯಲ್ಲಿ ನಿಂತವರು ಯಾರು? ದೇವಾಲಯದ ಮತ್ತು ಅರಮನೆಯ ಭೂಮಿಯಲ್ಲಿ ತುಂಡು ತುಂಡಾಗಿ ಹೊಲವನ್ನು ಪಡೆದು, ಅದಕ್ಕೆ ಪ್ರತಿಯಾಗಿ ದುಡಿಯುತ್ತಿದ್ದ ಸಾಮಾನ್ಯ ಗೃಹಸ್ಥರು. ಶಾಂತಿಕಾಲದಲ್ಲಿ ಅವರು ಕಾಲುವೆ ತೋಡುವರು, ಹೂಳೆತ್ತುವರು, ಕುಯ್ಲು ಮಾಡುವರು. ಕರೆ ಬಂದಾಗ ಅದೇ ನಾಯಕನ ಕೈಕೆಳಗೆ ಅದೇ ಗುಂಪು ಈಟಿ ಹಿಡಿದು ಹೊರಡುವುದು. ಸುಮೇರರಲ್ಲಿ ಎರಿನ್ ಎಂಬ ಒಂದೇ ಶಬ್ದ ಸೈನಿಕರ ದಳಕ್ಕೂ ಕೆಲಸಗಾರರ ತಂಡಕ್ಕೂ ಸಲ್ಲುತ್ತಿತ್ತು. ಇಂಥವನಿಗೆ ಯುದ್ಧಕ್ಕೆ ಬರಲೊಲ್ಲೆನೆಂದು ಹೇಳುವ ಸ್ವಾತಂತ್ರ್ಯ ಎಷ್ಟಿತ್ತು? ಹೊಲವನ್ನು ಬಿಟ್ಟರೆ ಅನ್ನವಿಲ್ಲ. ಹೊಲಕ್ಕೆ ನೀರು ಬರುವುದು ಗಡಿಯ ಕಾಲುವೆಯಿಂದ. ಆ ಕಾಲುವೆಯನ್ನು ಉಮ್ಮಾದವರು ತಿರುಗಿಸಿದರೆ ಮಕ್ಕಳಿಗೆ ಜವೆಯ ರೊಟ್ಟಿಯೂ ಇಲ್ಲ. ಅವನಿಗೆ ಎನ್‌ಲಿಲ್ ದೇವನ ಗಡಿಯ ವಿಚಾರ ಎಷ್ಟು ತಿಳಿದಿತ್ತೋ, ನೀರಿನ ವಿಚಾರವಂತೂ ಚೆನ್ನಾಗಿ ತಿಳಿದಿತ್ತು.

ಉಮ್ಮಾದ ಕಡೆಯೂ ಹೀಗೆಯೇ. ಎಯನ್ನತುಮನು ಗೆದ್ದಮೇಲೆ ನಿನ್‌ಗಿರ್ಸುವಿನ ಮತ್ತು ನಾನ್ಶೆ ದೇವಿಯ ಜವೆಯನ್ನು ಉಮ್ಮಾದವರು ಬಡ್ಡಿಯ ಸಾಲವಾಗಿ ಬಳಸಬಹುದೆಂದು ಕಟ್ಟುಮಾಡಿದನು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಬಡ್ಡಿ ಬೆಳೆದು 86 ಲಕ್ಷ ಗುರುಗಳನ್ನು ಮೀರಿತೆಂದು ಲಗಶ್‌ನ ಕರಣಿಕರು ಲೆಕ್ಕ ಹಾಕಿದರು. ಗುರುವೆಂಬುದು ದೊಡ್ಡ ಕಣಜದ ಅಳತೆ. ಅಷ್ಟು ಧಾನ್ಯ ಇಡೀ ಸುಮೇರ್ ನಾಡಿನಲ್ಲಿ ಬೆಳೆಯುವುದೇ ಅಸಾಧ್ಯ. ಬಡ್ಡಿಯ ಲೆಕ್ಕವು ದೇವರ ಹೆಸರಿನಲ್ಲಿ ನಡೆದರೂ ಬಡ್ಡಿಯ ಲೆಕ್ಕವೇ ಸರಿ. ಸಾಲಗಾರನ ಮನೆಯ ಮಡಕೆ ಬರಿದಾದುದನ್ನು ಅದು ನೋಡುವುದಿಲ್ಲ. ತೀರಿಸಲಾಗದ ಸಾಲವನ್ನು ಹೊತ್ತ ಉಮ್ಮಾದ ಉರ್-ಲುಮ್ಮನು ಗಡಿಯ ಕಾಲುವೆಗಳ ನೀರನ್ನು ತಿರುಗಿಸಿ, ಗಡಿಗಲ್ಲುಗಳನ್ನು ಸುಟ್ಟು ಒಡೆದು, ಹೊರನಾಡಿನ ಜನರನ್ನು ಕೂಲಿಗೆ ಹಿಡಿದುಕೊಂಡು ದಂಡೆತ್ತಿ ಬಂದನು.

ಆಗ ಲಗಶ್‌ನ ಪರವಾಗಿ ಹೋರಾಡಿದವನು ಎಯನ್ನತುಮನ ತಮ್ಮನ ಮಗನಾದ ಎನ್‌ಮೆತೆನ. ಕ್ರಿ.ಪೂ. 2400ರ ಸುಮಾರಿನ ಅವನ ಮಣ್ಣಿನ ಶಂಕುವೊಂದರ ಮೇಲೆ ಈ ಸಮಸ್ತ ವೃತ್ತಾಂತವೂ ಬರೆಯಲ್ಪಟ್ಟಿದೆ. ಉರ್-ಲುಮ್ಮನು ಸೋತು ಓಡಿದನು. ಕಾಲುವೆಯ ದಡದಲ್ಲಿ ಅವನ 60 ಜೋಡಣೆಗಳ ಕತ್ತೆಗಳು ಅನಾಥವಾಗಿ ಉಳಿದವು. ಆಗ ಸುಮೇರರ ಯುದ್ಧದ ಗಾಡಿಗಳನ್ನು ಎಳೆಯುತ್ತಿದ್ದುದು ಕುದುರೆಗಳಲ್ಲ, ಕತ್ತೆಜಾತಿಯ ಪ್ರಾಣಿಗಳು. ಆ ಗಾಡಿಗಳ ಜನರ ಎಲುಬುಗಳು ಬಯಲಿನಲ್ಲಿ ಚೆಲ್ಲಿಹೋಗಿದ್ದುವೆಂದೂ, ಐದು ಕಡೆ ಐದು ಹೆಣದಿಬ್ಬಗಳನ್ನು ಹಾಕಿಸಿದುದಾಗಿಯೂ ಎನ್‌ಮೆತೆನನು ಬರೆಯಿಸುತ್ತಾನೆ. ಅದೇ ಅರಸನ ಗಡಿಸ್ತಂಭವೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಓದಿದ ವಿದ್ವಾಂಸರು 2018ರಲ್ಲಿ ಒಂದು ವಿಚಿತ್ರವನ್ನು ತಿಳಿಸಿದರು: ನಿನ್‌ಗಿರ್ಸುವಿನ ಹೆಸರನ್ನು ಅಂದವಾಗಿ ಕೊರೆದ ಲಿಪಿಕಾರನು ಉಮ್ಮಾದ ದೇವರಾದ ಶರಾನ ಹೆಸರನ್ನು ಬೇಕೆಂದೇ ಕಲಸುಮೇಲೋಗರವಾಗಿ ಬರೆದಿದ್ದಾನೆ. ಮನುಷ್ಯರ ದ್ವೇಷವು ದೇವರ ನಾಮಾಕ್ಷರಗಳಿಗೂ ತಟ್ಟಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟು ಕಥೆಯನ್ನು ತಿಳಿದ ಬಳಿಕ ಮೊದಲನೆಯ ಉತ್ತರವನ್ನು ಪರೀಕ್ಷಿಸಬಹುದು. ಕೊಂದವನು ದೇವರು, ಆದಕಾರಣ ಪಾಪವೆಂಬುದೇ ಇಲ್ಲ, ಎಂಬುದು ಬಲೆ ಹಿಡಿದ ಮೂರ್ತಿಯ ಅಭಿಪ್ರಾಯ. ಗೆದ್ದುದೇ ದೇವರ ಅಪ್ಪಣೆಗೆ ಹೇತುವೆಂದು ಹೇಳುವುದಾದರೆ, ಅದೇ ಹೇತು ಮುಂದೆ ಉಮ್ಮಾದವನಿಗೂ ಸಲ್ಲುತ್ತದೆ. ಕ್ರಿ.ಪೂ. 2350ರ ಸುಮಾರಿಗೆ ಉಮ್ಮಾದ ಲುಗಲ್‌ಜಗ್ಗೆಸಿ ಲಗಶ್‌ನ್ನು ಹಾಳುಮಾಡಿ, ಸುಮೇರ್ ನಾಡಿನ ಒಡೆಯನಾಗಿ, ನಿಪ್ಪುರದ ದೇವಾಲಯಕ್ಕೆ ಅರ್ಪಿಸಿದ ಕಲ್ಲಿನ ಪಾತ್ರೆಗಳ ಮೇಲೆ, ತನಗೆ ಈ ನಾಡಿನ ಅರಸುತನವನ್ನು ಕೊಟ್ಟವನು ಎನ್‌ಲಿಲ್ ದೇವನೆಂದೇ ಬರೆಯಿಸಿದನು. ಗಡಿಯನ್ನು ಗೀಚಿದವನೂ ಎನ್‌ಲಿಲ್, ಗಡಿ ದಾಟಿದವನನ್ನು ಹರಸಿದವನೂ ಎನ್‌ಲಿಲ್. ಮುಂದೆ ಅಕ್ಕಾದ್ ನಗರದ ಸಾರ್ಗೊನನು ಈ ಲುಗಲ್‌ಜಗ್ಗೆಸಿಯನ್ನು ಸೆರೆಹಿಡಿದು ಎಳೆತಂದುದೂ ಎನ್‌ಲಿಲನ ಬಾಗಿಲಿಗೇ. ಸಪಕ್ಷದಲ್ಲಿಯೂ ವಿಪಕ್ಷದಲ್ಲಿಯೂ ಸಮಾನವಾಗಿ ಕಾಣಿಸಿಕೊಳ್ಳುವ ಹೇತುವನ್ನು ನೈಯಾಯಿಕರು ಅನೈಕಾಂತಿಕವೆಂದು ಹೇಳಿ ತಳ್ಳಿಹಾಕುತ್ತಾರೆ. ಮೂವರು ವೈರಿಗಳ ಮೂರು ವಿಜಯಗಳನ್ನೂ ಒಂದೇ ದೇವನ ಆಜ್ಞೆ ಸಮರ್ಥಿಸುವುದಾದರೆ ಅದು ಯಾವುದನ್ನೂ ಸಮರ್ಥಿಸಲಿಲ್ಲ. ಬಲೆಯ ಹಗ್ಗ ದೇವರ ಕೈಯಲ್ಲಿರಲಿಲ್ಲ. ಕಲ್ಲುಕುಟಿಗನಿಂದ ಆ ಕೈಯಲ್ಲಿ ಅದನ್ನು ಇರಿಸಲಾಯಿತು.

ಎರಡನೆಯ ಉತ್ತರ ಇದಕ್ಕಿಂತ ಸೂಕ್ಷ್ಮವಾದುದು. ಸೈನಿಕನು ತನ್ನ ಇಚ್ಛೆಯಿಂದಲೇ ಅರಸನ ಋಣಕ್ಕೆ ಪ್ರಾಣವನ್ನು ಒಪ್ಪಿಸಿದ್ದಾನೆ. ಸ್ವಾಮಿಭಕ್ತಿಯೇ ಅವನ ಧರ್ಮ. ಆ ಧರ್ಮದಲ್ಲಿ ಮಾಡಿದ್ದಕ್ಕೆ ಅವನಿಗೆ ದೋಷವಿಲ್ಲ, ಎಂಬುದು. ಕೇಳಲು ಈ ಮಾತು ಬಹಳ ಉದಾತ್ತವಾಗಿದೆ. ಇದಕ್ಕೆ ಸಂಬಂಧಿಸಿದ ಸಾಕ್ಷ್ಯವು ಊರ್ ಎಂಬ ಸುಮೇರ್ ನಗರದಲ್ಲಿ ದೊರೆಯಿತು. ಈ ಹೆಸರು ಕನ್ನಡದ 'ಊರು' ಶಬ್ದವನ್ನು ನೆನಪಿಗೆ ತರುವುದಾದರೂ ಅದು ಕೇವಲ ಧ್ವನಿಸಾಮ್ಯ. ಅಲ್ಲಿ 1922ರಿಂದ 1934ರವರೆಗೆ ಅಗೆತ ನಡೆಸಿದ ಲಿಯೊನಾರ್ಡ್ ವೂಲಿ ಎಂಬ ವಿದ್ವಾಂಸನು ಕ್ರಿ.ಪೂ. 2500ರ ಸುಮಾರಿನ ರಾಜಸಮಾಧಿಗಳನ್ನು ಕಂಡುಹಿಡಿದನು. ಒಂದು ಸಮಾಧಿಯಲ್ಲಿ ಒಡೆಯನೊಡನೆ 63 ಜನ ಪರಿಚಾರಕರ ಅಸ್ಥಿಪಂಜರಗಳಿದ್ದವು. ಒಳಗಿಳಿಯುವ ದಾರಿಯಲ್ಲಿ ತಾಮ್ರದ ಶಿರಸ್ತ್ರಾಣ ಧರಿಸಿ, ಈಟಿಗಳನ್ನು ಬಳಿಯಲ್ಲಿಟ್ಟುಕೊಂಡು ಆರು ಜನ ಸೈನಿಕರು ಎರಡು ಸಾಲಾಗಿ ಬಿದ್ದಿದ್ದರು. ಸತ್ತ ಮೇಲೂ ಕಾವಲು ನಿಂತಂತೆ.

ಹೆಣಗಳು ಅಸ್ತವ್ಯಸ್ತವಾಗಿರದೆ ಕ್ರಮವಾಗಿ ಇದ್ದುದನ್ನು ನೋಡಿ, ಇವರೆಲ್ಲರೂ ತಮ್ಮ ತಾವೇ ಒಳಗೆ ನಡೆದುಬಂದು, ವಿಷಪಾತ್ರೆಯನ್ನು ಕುಡಿದು ಶಾಂತವಾಗಿ ಮಲಗಿದರೆಂದು ವೂಲಿ ಭಾವಿಸಿದನು. ಎಷ್ಟೋ ಕಾಲ ಲೋಕವೂ ಹಾಗೆಯೇ ನಂಬಿತು. ಸ್ವಾಮಿಭಕ್ತಿಯ ಪರಾಕಾಷ್ಠೆಯೆಂದು ಹಲವರು ಕೊಂಡಾಡಿದರು. ಅನಂತರ ಆ ತಲೆಬುರುಡೆಗಳಲ್ಲಿ ಎರಡನ್ನು, ಒಂದು ಈ ಸೈನಿಕರಲ್ಲಿ ಒಬ್ಬನದು, ಮತ್ತೊಂದು ಬೇರೆ ಕುಳಿಯಲ್ಲಿದ್ದ ಒಬ್ಬ ಸ್ತ್ರೀಯದು, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ನವೀನ ಯಂತ್ರಗಳಿಂದ ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊನೆಯುಳ್ಳ ಆಯುಧದಿಂದ ತಲೆಗೆ ಹೊಡೆದು ಕೊಂದಿದ್ದರು. ಆಮೇಲೆ ದೇಹಗಳನ್ನು ಕಾಯಿಸಿ, ಪಾದರಸದ ಖನಿಜವನ್ನು ಲೇಪಿಸಿ, ಕೆಡದಂತೆ ಮಾಡಿ, ಅಲಂಕರಿಸಿ ಮಲಗಿಸಿದ್ದರು. ಶಾಂತಭಾವವು ಸತ್ತವರದಾಗಿರಲಿಲ್ಲ, ಜೋಡಿಸಿಟ್ಟವರ ಕೌಶಲವಾಗಿತ್ತು. ಎಲ್ಲರ ತಲೆಬುರುಡೆಗಳನ್ನೂ ಪರೀಕ್ಷಿಸಿದ್ದಿಲ್ಲ. ಯಾರೋ ಕೆಲವರು ಒಪ್ಪಿಯೇ ಬಂದಿರಬಹುದು. ಆದರೆ ಸೈನಿಕನು ಸ್ವೇಚ್ಛೆಯಿಂದ ಬಂದನೆಂದು ಇತರರು ಹೇಳುವಾಗ, ಆ ಇಚ್ಛೆಯ ಮಾತನ್ನು ಸೈನಿಕನೇ ಆಡಿದನೆ, ಅವನನ್ನು ಅಲಂಕರಿಸಿದವರು ಆಡಿದರೆ ಎಂದು ಕೇಳುವುದು ಯುಕ್ತ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಸೈನಿಕನಿಗೆ ಸ್ವಾತಂತ್ರ್ಯವಿಲ್ಲವೆಂದ ಮೇಲೆ ಅವನಿಗೆ ಪಾಪವೂ ಇಲ್ಲವಲ್ಲ; ಸ್ವತಂತ್ರನೇ ಕರ್ತೃ ಎಂದು ವೈಯಾಕರಣರೂ ಒಪ್ಪುತ್ತಾರಲ್ಲ; ಹಾಗಾದರೆ ಅರಸನೊಬ್ಬನೇ ಪಾಪಿ ಎಂದು ಮುಗಿಸಬಾರದೆ? ಬಹುಭಾಗಕ್ಕೆ ಇದು ನಿಜ. ಆದರೆ ಪೂರ್ತಿಯಾಗಿ ನಿಜವಲ್ಲ. ಬಲಾತ್ಕಾರಕ್ಕೆ ಸಿಕ್ಕಿ ಸಾಲಿನಲ್ಲಿ ನಿಂತವನು ಬೇರೆ, ಬಿದ್ದವನ ಮೈಮೇಲೆ ನಡೆಯುವಾಗ ಕಾಲನ್ನು ಒತ್ತಿ ಇಟ್ಟವನು ಬೇರೆ. ಆಜ್ಞೆಯು ಕೈಯನ್ನು ಕಟ್ಟಬಲ್ಲುದು. ಕ್ರೌರ್ಯದಲ್ಲಿ ಸಂತೋಷಪಡಬೇಕೆಂದು ಮನಸ್ಸನ್ನು ಕಟ್ಟಲಾರದು. ಸೈನಿಕನ ಪಾಲು ಎಷ್ಟೇ ಸಣ್ಣದಾದರೂ ಅದು ಅಲ್ಲಿದೆ, ಅವನ ಆ ಮನಸ್ಸಿನಲ್ಲಿ. ಅದನ್ನು ಅಳೆಯುವ ಹಗ್ಗ ಮೆಸಲಿಮನಲ್ಲಿಯೂ ಇರಲಿಲ್ಲ.

ಇನ್ನು, ಸೈನಿಕನೂ ಅಲ್ಲದ ಅರಸನೂ ಅಲ್ಲದ ನಾಲ್ಕನೆಯವನೊಬ್ಬನು ಇದ್ದಾನೆ. ಮೇಲಿನ ಪ್ರಶ್ನೆಯಲ್ಲಿ ಅವನ ಹೆಸರೇ ಬರಲಿಲ್ಲ. ಗು-ಎದಿನದ ಜವೆಯನ್ನು ಉಂಡವನು ಅವನು. ಊರ್ ನಗರದ ಅದೇ ಸಮಾಧಿಗಳಲ್ಲಿ ದೊರೆತ ಒಂದು ಮರದ ಪೆಟ್ಟಿಗೆಯಂಥ ವಸ್ತುವಿನ ಮೇಲೆ ಚಿಪ್ಪು ಮತ್ತು ನೀಲಮಣಿಗಳನ್ನು ಕೂರಿಸಿ ಮಾಡಿದ ಚಿತ್ರಗಳಿವೆ. ಅದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಪಾರ್ಶ್ವದಲ್ಲಿ ನಾಲ್ಕು ಗಾಲಿಯ ಗಾಡಿಗಳು ಬಿದ್ದವರನ್ನು ತುಳಿಯುತ್ತವೆ, ಬೆತ್ತಲೆ ಸೆರೆಯಾಳುಗಳನ್ನು ಅರಸನ ಮುಂದೆ ತರುತ್ತಾರೆ. ಮತ್ತೊಂದು ಪಾರ್ಶ್ವದಲ್ಲಿ ಔತಣ. ಕುರಿ, ಮೀನು, ಮೂಟೆಗಳು ಸಾಲಾಗಿ ಬರುತ್ತವೆ, ಪಾತ್ರೆ ಹಿಡಿದು ಕುಳಿತವರ ಮುಂದೆ ಒಬ್ಬನು ವೀಣೆಯಂಥ ವಾದ್ಯವನ್ನು ನುಡಿಸುತ್ತಾನೆ. ವಿದ್ವಾಂಸರು ಒಂದನ್ನು ಯುದ್ಧವೆಂದೂ ಇನ್ನೊಂದನ್ನು ಶಾಂತಿಯೆಂದೂ ಕರೆಯುತ್ತಾರೆ. ವಸ್ತು ಮಾತ್ರ ಒಂದೇ. ಔತಣದಲ್ಲಿ ಕುಳಿತವನು ಯಾರನ್ನೂ ಕೊಂದಿಲ್ಲ. ಗೋಡೆಯ ಆ ಕಡೆ ಏನಾಯಿತೆಂದು ಕೇಳದಿದ್ದುದಷ್ಟೇ ಅವನ ಪಾಲು. ಮಾಡಿದವನಂತೆಯೇ ಮಾಡಿಸಿದವನೂ ಒಪ್ಪಿದವನೂ ಫಲದಲ್ಲಿ ಭಾಗಿಗಳೆಂದು ಧರ್ಮಶಾಸ್ತ್ರಕಾರರು ಎಣಿಸಿದಾಗ, ಒಪ್ಪಿದವನೆಂಬ ಮಾತಿನೊಳಗೆ ಇವನನ್ನು ಸೇರಿಸದೆ ಇರಲು ಕಾರಣ ತೋರುವುದಿಲ್ಲ. ಗೃಹಸ್ಥನಾದವನು ತನ್ನ ಮನೆಯ ಕಣಜಕ್ಕೆ ಧಾನ್ಯ ಎಲ್ಲಿಂದ ಬಂದಿತೆಂದು ವಿಚಾರಿಸಬೇಕಾದುದು ಈ ಕಾರಣಕ್ಕಾಗಿ.

ದೇವರಿಗೆ ಕೊಟ್ಟುಬಿಟ್ಟರೆ ವಸ್ತು ಶುದ್ಧವಾಯಿತೆಂದು ತಿಳಿದವರೂ ಆ ನಾಡಿನಲ್ಲಿದ್ದರು. ಬಹುಕಾಲದ ಮೇಲೆ, ಕ್ರಿ.ಪೂ. 2035ರ ಸುಮಾರಿಗೆ, ಊರ್ ನಗರದಿಂದ ಆಳಿದ ಶು-ಸಿನ್ ಎಂಬ ಅರಸನು ತಾನು ಸೋಲಿಸಿದ ಪುರಗಳ ಗಂಡಸರ ಕಣ್ಣುಗಳನ್ನು ಕೀಳಿಸಿ, ಅವರನ್ನು ದೇವರ ಹಣ್ಣಿನ ತೋಟಗಳಲ್ಲಿ ದುಡಿಯಲು ಬಿಟ್ಟುದಾಗಿಯೂ, ಅವರ ಹೆಂಗಸರನ್ನು ದೇವಾಲಯದ ನೇಯ್ಗೆಮನೆಗಳಿಗೆ ಕಾಣಿಕೆಯಾಗಿ ಕೊಟ್ಟುದಾಗಿಯೂ ಹೆಮ್ಮೆಯಿಂದ ಬರೆಯಿಸಿದ್ದಾನೆ. ಕುರುಡರು ನೀರೆರೆದ ತೋಟದ ಹಣ್ಣು, ಮನೆ ಕಳೆದುಕೊಂಡವಳು ನೇಯ್ದ ವಸ್ತ್ರ ನೈವೇದ್ಯಕ್ಕೂ ಪೂಜೆಗೂ ಬಂದವು. ಈ ವಿಷಯವನ್ನು ಹೆಚ್ಚು ಬೆಳೆಸಬೇಕಾದುದಿಲ್ಲ.

ಈಗ ಮೂಲಪ್ರಶ್ನೆಯನ್ನು ನೇರವಾಗಿ ಆಡಿದವನ ಬಳಿಗೆ ಬರಬಹುದು. ಅವನು ಉರುಕಗಿನ, ಉರುಇನಿಮ್‌ಗಿನ ಎಂದೂ ಓದುತ್ತಾರೆ. ಲಗಶ್‌ನ ಕೊನೆಯ ಸ್ವತಂತ್ರ ಒಡೆಯರಲ್ಲಿ ಒಬ್ಬನಾದ ಇವನು ಯುದ್ಧವೀರನೆಂದಲ್ಲ, ನ್ಯಾಯಪಕ್ಷಪಾತಿಯೆಂದು ಪ್ರಸಿದ್ಧನಾದವನು. ಅಧಿಕಾರಿಗಳು ದೋಣಿಗಳನ್ನೂ ಕುರಿಗಳನ್ನೂ ಮೀನುಗಾರಿಕೆಯನ್ನೂ ಕಸಿದುಕೊಳ್ಳುವುದನ್ನು ತಡೆದನು. ಹೆಣವನ್ನು ಹೂಳಲು ಅರ್ಚಕನಾದವನು 7 ಗಡಿಗೆ ಮದ್ಯವನ್ನೂ 420 ರೊಟ್ಟಿಗಳನ್ನೂ ತೆಗೆದುಕೊಳ್ಳುತ್ತಿದ್ದುದನ್ನು 3 ಗಡಿಗೆಗೂ 80 ರೊಟ್ಟಿಗಳಿಗೂ ಇಳಿಸಿದನು. ಅನಾಥನನ್ನೂ ವಿಧವೆಯನ್ನೂ ಬಲಿಷ್ಠನ ಕೈಗೆ ಒಪ್ಪಿಸೆನೆಂದು ನಿನ್‌ಗಿರ್ಸುವಿನೊಡನೆ ಒಡಂಬಡಿಕೆ ಮಾಡಿಕೊಂಡನು. ಇಂಥವನ ಕಾಲದಲ್ಲಿಯೇ ಲುಗಲ್‌ಜಗ್ಗೆಸಿಯ ಸೈನ್ಯ ಬಂದಿತು. ಒಂದು ಮಣ್ಣಿನ ಹಲಗೆಯ ಮೇಲೆ ಒಂದೊಂದೇ ದೇವಾಲಯದ ಹೆಸರು ಹೇಳಿ, ಇಲ್ಲಿ ಬೆಂಕಿಯಿಟ್ಟರು, ಇಲ್ಲಿ ರಕ್ತ ಚೆಲ್ಲಿದರು, ಇಲ್ಲಿ ಬೆಳ್ಳಿಯನ್ನೂ ನೀಲಮಣಿಯನ್ನೂ ದೋಚಿದರು ಎಂದು ಬರೆದಿದೆ. ಕೊನೆಗೆ, ನಿನ್‌ಗಿರ್ಸುವಿನ ಹೊಲದಲ್ಲಿ ಬೆಳೆದು ನಿಂತಿದ್ದ ಜವೆಯನ್ನೂ ಕಿತ್ತರೆಂದಿದೆ. ವಿಜಯಶಾಸನಗಳ ನಾಡಿನಲ್ಲಿ ಸೋತವನ ಧ್ವನಿ ಕೇಳಿಸುವ ಅಪರೂಪದ ಬರಹವಿದು.

ಅದರ ಮುಕ್ತಾಯದಲ್ಲಿ ಮೂರು ಮಾತುಗಳಿವೆ. ಲಗಶ್‌ನ್ನು ಹಾಳುಮಾಡಿದುದರಿಂದ ಉಮ್ಮಾದವನು ನಿನ್‌ಗಿರ್ಸುವಿಗೆ ಪಾಪ ಮಾಡಿದನೆಂಬುದು ಮೊದಲನೆಯದು. ಗಿರ್ಸುವಿನ ಅರಸನಾದ ಉರುಕಗಿನನಲ್ಲಿ ಪಾಪವಿಲ್ಲವೆಂಬುದು ಎರಡನೆಯದು. ಮೂರನೆಯದರಲ್ಲಿ ಲುಗಲ್‌ಜಗ್ಗೆಸಿಯ ಕುಲದೇವಿಯಾದ ನಿಸಬಾಳ ಹೆಸರು ಬರುತ್ತದೆ. ಆ ವಾಕ್ಯವನ್ನು ವಿದ್ವಾಂಸರು ಎರಡು ಬಗೆಯಾಗಿ ಅರ್ಥಮಾಡುತ್ತಾರೆ. ಆ ಪಾಪವನ್ನು ದೇವಿಯೇ ತನ್ನ ಕೊರಳಲ್ಲಿ ಹೊರಲಿ ಎಂದು ಕೆಲವರು. ದೇವಿಯು ಆ ಪಾಪವನ್ನು ಅವನ ಕೊರಳಿಗೆ ಹೊರಿಸಲಿ ಎಂದು ಮತ್ತೆ ಕೆಲವರು. ಕೊರಳು ಯಾರದೆಂಬುದರಲ್ಲಿಯೇ ಸಂದೇಹ. ನಿಸಬಾ ಎಂಬವಳು ಧಾನ್ಯದ ದೇವಿ, ಬರವಣಿಗೆಯ ದೇವಿಯೂ ಹೌದು. ಜವೆಯನ್ನು ಕಿತ್ತವನ ಪಾಪವು, ಅದನ್ನು ಬರೆದಿಟ್ಟ ಹಲಗೆಯು, ಎರಡೂ ಅವಳ ಅಧಿಕಾರಕ್ಕೆ ಸೇರಿದುವು.

ಮೊದಲನೆಯ ಅರ್ಥವನ್ನು ಹಿಡಿದರೆ ಎಯನ್ನತುಮನ ಕಲ್ಲಿನ ವಾದವೇ ತಿರುಗಿ ನಿಂತಂತಾಗುತ್ತದೆ. ವಿಜಯವು ದೇವರದಾದರೆ ಪಾಪವೂ ದೇವರದೇ ಆಗಲಿ ಎಂದು ಸೋತವನು ಕೇಳುತ್ತಾನೆ. ತರ್ಕಕ್ಕೆ ಇದು ಸರಿಯಾದ ಏಟು. ಎರಡನೆಯ ಅರ್ಥವನ್ನು ಹಿಡಿದರೆ ಅದಕ್ಕಿಂತ ಗಂಭೀರವಾದ ಭಾವನೆ ಹೊರಡುತ್ತದೆ: ವೈರಿಯ ದೇವತೆಯೂ ನ್ಯಾಯಕ್ಕೆ ಹೊರತಲ್ಲ, ತನ್ನ ಭಕ್ತನ ಪರವಾಗಿ ಅವಳು ವಾದಿಸಲಾರಳು, ಅವನ ಕೊರಳಿಗೆ ಅವನು ಮಾಡಿದುದನ್ನು ಕಟ್ಟುವವಳು ಅವಳೇ. ಸುಮಾರು ಐವತ್ತು ವರ್ಷದ ಹಿಂದೆ ಶರಾನ ಹೆಸರನ್ನು ವಿಕಾರವಾಗಿ ಕೊರೆದ ಅದೇ ಊರಿನಲ್ಲಿ, ಸೋಲಿನ ನಂತರ ಹೀಗೊಂದು ಮಾತು ಬಂದಿದ್ದರೆ ಅದು ಸಾಮಾನ್ಯವಲ್ಲ. ಪಾಪವನ್ನು ದೇವರ ಮೇಲೆ ಹೊರಿಸುವುದಕ್ಕಿಂತ, ಪಾಪವನ್ನು ಹೊರಿಸುವವನು ದೇವರೆಂದು ತಿಳಿಯುವುದೇ ಪ್ರೌಢವಾದ ಬುದ್ಧಿ. ಎರಡನೆಯ ಅರ್ಥವೇ ಉರುಕಗಿನನ ಚರಿತ್ರೆಗೆ ಹೊಂದುತ್ತದೆ.

ಆದರೆ ತನ್ನಲ್ಲಿ ಪಾಪವಿಲ್ಲವೆಂದು ಅವನು ಹೇಳಿದುದನ್ನು ಹಾಗೆಯೇ ಒಪ್ಪಬಹುದೆ? ಆ ಯುದ್ಧವನ್ನು ಅವನು ಹೂಡಲಿಲ್ಲ, ಅಷ್ಟರಮಟ್ಟಿಗೆ ಸತ್ಯ. ತನ್ನ ಜನರನ್ನು ಕಾಯಲು ಆಯುಧ ಹಿಡಿದವನನ್ನೂ ಪರರ ಹೊಲಕ್ಕಾಗಿ ಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಅವನು ಕುಳಿತ ಪೀಠದಲ್ಲಿಯೇ ಹಿಂದೆ ಕುಳಿತಿದ್ದ ಎಯನ್ನತುಮನೂ ಗಡಿಯನ್ನು ಕಾಯುವೆನೆಂದೇ ಹೊರಟವನು. ಹೊರಟವನು ಉಮ್ಮಾದಲ್ಲಿ ನಿಲ್ಲದೆ ಎಲಾಮ್, ಉರುಕ್, ಊರ್, ಕೀಶ್‌ಗಳನ್ನು ಗೆದ್ದೆನೆಂದು ಬರೆಯಿಸಿದನು. ಕಾವಲಿಗೆಂದು ಎತ್ತಿದ ಈಟಿ ಯಾವ ಹೆಜ್ಜೆಯಲ್ಲಿ ಆಕ್ರಮಣದ ಈಟಿಯಾಯಿತೆಂದು ಶಾಸನದಲ್ಲಿ ಗುರುತಿಲ್ಲ. ತೀರಿಸಲಾರದ ಬಡ್ಡಿಯ ಲೆಕ್ಕವು ಲಗಶ್‌ನ ಕಣಜಗಳಲ್ಲಿತ್ತು. ಉರುಕಗಿನನು ವಿಧವೆಯ ಕುರಿಯನ್ನು ಹಿಂದಿರುಗಿಸಿದನು. ಉಮ್ಮಾದ ವಿಧವೆಯರ ಲೆಕ್ಕ ಅವನ ಸುಧಾರಣೆಗಳಲ್ಲಿ ಸೇರಿರಲಿಲ್ಲ. ಪಾಪವು ಅವನದಲ್ಲದಿರಬಹುದು. ಪೀಠದ್ದು ಹೌದು, ಪೀಠದ ಐಶ್ವರ್ಯವನ್ನು ಪಡೆದವನು ಅದರ ಋಣವನ್ನು ಮಾತ್ರ ಬಿಟ್ಟು ಪಡೆಯಲಾಗುವುದಿಲ್ಲ.

ಉರುಕಗಿನನ ಶಾಪ ಫಲಿಸಿತೆಂದು ಶ್ರದ್ಧಾವಂತರು ಹೇಳಬಹುದು. ಬಹುಕಾಲ ಕಳೆಯುವ ಮೊದಲೇ ಅಕ್ಕಾದದ ಸಾರ್ಗೊನನು ಲುಗಲ್‌ಜಗ್ಗೆಸಿಯನ್ನು ಹಿಡಿದು, ಕೊರಳಿಗೆ ಮರದ ಕಟ್ಟನ್ನು ಹಾಕಿಸಿ, ನಿಪ್ಪುರಕ್ಕೆ ನಡೆಸಿಕೊಂಡು ಬಂದನು. ಆದರೆ ಆ ಕೊರಳಕಟ್ಟನ್ನು ಹಾಕಿದ ಕೈಯೇ ಮುಂದುವರಿದು ಊರ್ ನಗರವನ್ನೂ, ಉಮ್ಮಾವನ್ನೂ, ಶಾಪವಿತ್ತವನ ಲಗಶ್‌ನ್ನೂ ಗೆದ್ದು ಗೋಡೆಗಳನ್ನು ಕೆಡವಿತು. ಇನ್ನೂರು ವರ್ಷ ಒಂದು ಬಯಲಿಗಾಗಿ ಹೋರಾಡಿದ ಎರಡು ಪುರಗಳೂ ಒಬ್ಬನೇ ಪರಸ್ಥಳದವನ ಅಧೀನವಾದವು. ತಾನು 34 ಯುದ್ಧಗಳಲ್ಲಿ ಗೆದ್ದೆನೆಂದೂ, ಸಮುದ್ರದಲ್ಲಿ ಆಯುಧಗಳನ್ನು ತೊಳೆದೆನೆಂದೂ, ಪ್ರತಿದಿನವೂ 5400 ಜನರು ತನ್ನ ಮುಂದೆ ಅನ್ನ ಉಣ್ಣುತ್ತಿದ್ದರೆಂದೂ ಸಾರ್ಗೊನನ ಶಾಸನಗಳು ಹೇಳುತ್ತವೆ. ಆ 5400 ಜನರನ್ನು ನಿತ್ಯಸೈನ್ಯವೆಂದು ಹಲವು ವಿದ್ವಾಂಸರು ತಿಳಿಯುತ್ತಾರೆ. ಹಾಗಿದ್ದರೆ ಅವರು ಕಾಲುವೆ ತೋಡುವವರಲ್ಲ, ಕುಯ್ಲಿಗೆ ಮನೆಗೆ ಹಿಂದಿರುಗುವವರೂ ಅಲ್ಲ. ಅವರು ಉಂಡ ಧಾನ್ಯ ಯಾವ ಬಯಲಿನದೆಂದು ಶಾಸನವು ತಿಳಿಸುವುದಿಲ್ಲ; ಗು-ಎದಿನದ ಜವೆಯೂ ಅದರಲ್ಲಿ ಸೇರಿದ್ದಿರಬಹುದು.